ರಾಟೆಯ ವಚನ ಮತ್ತು ನನ್ನ ಪ್ರಬಂಧ

ಕಳೆದ ತಿಂಗಳು ಚಿಕ್ಕಬಳ್ಳಾಪುರದಿಂದ ಒಬ್ಬ ವಿದ್ಯಾರ್ಥಿನಿ ನಮ್ಮ ಮನೆಗೆ ಬಂದಿದ್ದಳು. ಕನ್ನಡ ಎಂ.ಎ. ಓದುತ್ತಿರುವ ಹುಡುಗಿ. ಬರುವ ತಿಂಗಳೊಳಗೆ ಅವಳು ಒಂದು ಸಾಹಿತ್ಯ ಪ್ರಬಂಧವನ್ನು ಬರೆದು ಒಪ್ಪಿಸಬೇಕಂತೆ. "ಯಾವುದಾದರೂ ಒಂದು ವಿಷಯ ಕೊಡಿ ಮೇಡಂ, ಉಳಿದದ್ದನ್ನು ನಾನು ಬರೆದುಕೊಳ್ಳುತ್ತೇನೆ" ಎಂದಳು. ಹಾಗೆ ಕೇಳುವವರನ್ನು ಸೋಮಾರಿಗಳೆಂದು ಬೈಯುವ ಅಧ್ಯಾಪಕರನ್ನು ನಾನು ಕಂಡಿದ್ದೇನೆ. ಆದರೆ ಆ ಮಗುವಿನ ಮುಖದಲ್ಲಿದ್ದದ್ದು ಸೋಮಾರಿತನವಲ್ಲ, ಭಯ. ಆ ಭಯದ ಗುರುತು ನನಗೆ ಚೆನ್ನಾಗಿ ಇತ್ತು. ನಾನು ಅವಳಿಗೆ ವಿಷಯವನ್ನು ಕೊಡಲಿಲ್ಲ; ಕಾಫಿ ಕೊಟ್ಟು, ನನ್ನದೇ ಪ್ರಬಂಧದ ಕಥೆಯನ್ನು ಹೇಳಿದೆ. ಕೇಳಿದ ಮೇಲೆ ಅವಳು, ಇದನ್ನು ಬರೆದಿಡಿ ಎಂದಳು. ಹಾಗಾಗಿ ಬರೆಯುತ್ತಿದ್ದೇನೆ.

ಅದು 1994ನೆಯ ಇಸವಿ. ನಮ್ಮ ಊರು ಶಿಡ್ಲಘಟ್ಟ ತಾಲ್ಲೂಕಿನದು. ಚಿಕ್ಕಬಳ್ಳಾಪುರ ಪ್ರತ್ಯೇಕ ಜಿಲ್ಲೆಯಾದದ್ದು 2007ರಲ್ಲಿ. ನಾನು ಹೇಳುತ್ತಿರುವ ಕಾಲದಲ್ಲಿ ಶಿಡ್ಲಘಟ್ಟ, ಚಿಂತಾಮಣಿ, ಗೌರಿಬಿದನೂರುಗಳೆಲ್ಲ ಕೋಲಾರ ಜಿಲ್ಲೆಯ ತಾಲ್ಲೂಕುಗಳೇ ಆಗಿದ್ದವು. ಮನೆಯಲ್ಲಿ ಹಿಪ್ಪುನೇರಳೆ ತೋಟ, ರೇಷ್ಮೆಹುಳುವಿನ ಸಾಕಣೆ. ಗೂಡು ಮಾರಿ ಬಂದ ಹಣದಲ್ಲಿಯೇ ಅಪ್ಪ ನನ್ನನ್ನು ಬೆಂಗಳೂರಿಗೆ ಎಂ.ಎ. ಓದಲು ಕಳುಹಿಸಿದ್ದರು. ಮನೆತನದಲ್ಲಿ ಅಷ್ಟು ಓದಲು ಹೊರಟ ಹೆಣ್ಣುಮಕ್ಕಳಲ್ಲಿ ನಾನೇ ಮೊದಲಿಗಳು. ಹೀಗಿರುವಾಗ ಬರೆಯುವುದಕ್ಕೆ ವಿಷಯ ಸಿಗಲಿಲ್ಲವೆಂದು ಮನೆಯಲ್ಲಿ ಯಾರಿಗೆ ಹೇಳಲಿ?

ಮೊದಲು ನಾನು ಆರಿಸಿಕೊಂಡದ್ದು 'ವಚನ ಸಾಹಿತ್ಯದಲ್ಲಿ ಮಹಿಳೆ' ಎಂಬ ವಿಷಯ. ಶೀರ್ಷಿಕೆಯನ್ನು ದುಂಡಗೆ ಬರೆದು, ಕೆಳಗೆ ಎರಡು ಗೆರೆ ಎಳೆದು ನಮ್ಮ ಮಾರ್ಗದರ್ಶಕರ ಮುಂದೆ ಇಟ್ಟೆ. ಅವರು ಮಿತಭಾಷಿಗಳು. ಹಾಳೆಯನ್ನು ಒಮ್ಮೆ ನೋಡಿ, "ಇದು ಊರಿನ ಹೆಸರಮ್ಮ, ವಿಳಾಸವಲ್ಲ. ಯಾವ ಬೀದಿ, ಯಾವ ಮನೆ?" ಎಂದರು. ನಾನು ಸುಮ್ಮನಿದ್ದೆ. "ಮನೆ ಸಿಕ್ಕಿತು ಎಂದೇ ಇಟ್ಟುಕೋ. ಬಾಗಿಲು ತಟ್ಟಿ ಏನು ಹೇಳುತ್ತೀ?" ಎಂದು ಮತ್ತೆ ಕೇಳಿದರು. ಅದಕ್ಕೂ ನನ್ನಲ್ಲಿ ಉತ್ತರವಿರಲಿಲ್ಲ. ಶರಣರು ಸ್ತ್ರೀಯರಿಗೆ ಸಮಾನ ಸ್ಥಾನ ಕೊಟ್ಟರು ಎಂದು ಹೇಳುತ್ತೇನೆ ಎಂದೆ. "ಅದನ್ನು ಇಲ್ಲವೆನ್ನುವವರು ಈ ಕೊಠಡಿಯಲ್ಲಿ ಯಾರಿದ್ದಾರೆ? ಯಾರೂ ಇಲ್ಲವೆನ್ನಲಾರದ ಮಾತನ್ನು ಹೇಳುವುದಕ್ಕೆ ಮೂವತ್ತು ಪುಟ ಏಕಮ್ಮ ಬೇಕು?" ಎಂದು ಹಾಳೆಯನ್ನು ಹಿಂದಕ್ಕೆ ಕೊಟ್ಟರು.

ಆ ದಿನ ಹಾಸ್ಟೆಲಿನಲ್ಲಿ ನಾನು ಅತ್ತೆ. ಈಗ ನೆನೆದರೆ, ಎರಡು ವರ್ಷದ ಪಾಠಗಳಲ್ಲಿ ಕಲಿಯದ್ದನ್ನು ಆ ಮೂರು ಪ್ರಶ್ನೆಗಳಲ್ಲಿ ಕಲಿತೆನೆಂದು ಹೇಳಬೇಕು. ವಿಷಯ ಬೇರೆ, ಪ್ರತಿಪಾದನೆ ಬೇರೆ. ಕದಿರ ರೆಮ್ಮವ್ವೆ ಎಂಬುದು ವಿಷಯ. ರೆಮ್ಮವ್ವೆಯ ಇಂತಹ ವಚನದ ಇಂತಹ ಮಾತಿಗೆ ಇದುವರೆಗೆ ಹೇಳುತ್ತ ಬಂದಿರುವ ಅರ್ಥ ಸಾಲದು ಎಂಬುದು ಪ್ರತಿಪಾದನೆ. ಎರಡನೆಯದನ್ನು ಒಬ್ಬರು ಒಪ್ಪಬಹುದು, ಮತ್ತೊಬ್ಬರು ತಳ್ಳಿಹಾಕಬಹುದು. ಹಾಗೆ ತಳ್ಳಿಹಾಕುವವರನ್ನು ಎದುರಿಗೆ ಕೂರಿಸಿಕೊಂಡೇ ಬರೆಯಬೇಕಾಗುತ್ತದೆ. ಆದರೆ ಇದು ಇಂದಿನ ತಿಳಿವಳಿಕೆ. ಅಂದು ನನಗೆ ರೆಮ್ಮವ್ವೆಯ ಹೆಸರು ಕೂಡ ಸರಿಯಾಗಿ ಗೊತ್ತಿರಲಿಲ್ಲ.

ಎರಡನೆಯ ಸಲ ಕೈವಾರದ ತಾತಯ್ಯನವರ ಪದಗಳನ್ನು ಹಿಡಿದುಕೊಂಡು ಹೋದೆ. ಕೈವಾರ ಇರುವುದು ಚಿಂತಾಮಣಿ ತಾಲ್ಲೂಕಿನಲ್ಲಿ. ಅಲ್ಲಿ ಬಳೆ ಮಾರುತ್ತಿದ್ದ ನಾರಾಯಣಪ್ಪನವರು ಯೋಗಿಯಾಗಿ, ತೆಲುಗು ಮತ್ತು ಕನ್ನಡ ಎರಡರಲ್ಲಿಯೂ ಹಾಡಿದವರು. ನಮ್ಮ ಸೀಮೆಯ ಮನೆಗಳಲ್ಲಿ ಈ ಎರಡು ಭಾಷೆಗಳು ಒಂದೇ ಒಲೆಯ ಎರಡು ಉರಿಯಂತೆ ಇರುತ್ತವೆ. ಸಂತೆಯಲ್ಲಿ ತೆಲುಗು, ಶಾಲೆಯಲ್ಲಿ ಕನ್ನಡ, ಜಗಳಕ್ಕೆ ಯಾವುದು ಮೊದಲು ಬಾಯಿಗೆ ಬರುತ್ತದೆಯೋ ಅದು. ಚಿಂತಾಮಣಿಗೆ ಕೊಟ್ಟಿದ್ದ ನನ್ನ ಸೋದರತ್ತೆ ಬೆಳಿಗ್ಗೆ ಲಿಂಗಪೂಜೆಗೆ ಕನ್ನಡದ ವಚನ ಹೇಳಿ, ಸಂಜೆ ರಾಗಿ ಬೀಸುವಾಗ ತಾತಯ್ಯನವರ ತೆಲುಗು ಪದ ಹಾಡುತ್ತಿದ್ದರು. ಯಾವ ಮಾತಿಗೆ ಯಾವ ಭಾಷೆಯನ್ನು ಆರಿಸಿದರು, ಏಕೆ ಆರಿಸಿದರು ಎಂಬುದು ಇಂದಿಗೂ ಒಳ್ಳೆಯ ಪ್ರಶ್ನೆಯೆಂದೇ ನನಗೆ ತೋರುತ್ತದೆ. ಮಾರ್ಗದರ್ಶಕರಿಗೂ ಹಿಡಿಸಿತು. ಆದರೆ, "ತೆಲುಗು ಲಿಪಿ ಓದುತ್ತೀಯಾ?" ಎಂದರು. ಮಾತನಾಡುತ್ತೇನೆ, ಓದಲು ಬಾರದು ಎಂದೆ. "ಹಾಗಾದರೆ ಬೇಡ. ಮೂಲವನ್ನು ಓದಲಾರದವರು ಅದರ ಮೇಲೆ ತೀರ್ಪು ಕೊಡಬಾರದು." ಅಲ್ಲಿಗೆ ಅದೂ ಮುಗಿಯಿತು.

ಹೊರಡುವಾಗ ಅವರು ಇನ್ನೊಂದು ಮಾತು ಹೇಳಿದರು. "ನಿಮ್ಮ ಕಡೆಯವರೇ ಅಲ್ಲವೇ ಎಲ್. ಬಸವರಾಜು ಅವರು? ಅವರು ವಚನಗಳನ್ನು ಹೇಗೆ ಸಂಪಾದಿಸಿದ್ದಾರೆ ಎಂಬುದನ್ನು ಮೊದಲು ನೋಡು. ಅರ್ಥ ಆಮೇಲೆ." ಬಸವರಾಜು ಅವರು ಗೌರಿಬಿದನೂರು ತಾಲ್ಲೂಕಿನ ಇಡಗೂರಿನವರು, 1919ರಲ್ಲಿ ಹುಟ್ಟಿದವರು. ನನ್ನ ತಾಯಿಯ ತವರು ಅದೇ ತಾಲ್ಲೂಕಿನದು. ಆದರೂ ನಮ್ಮ ಸೀಮೆಯ ಒಂದು ಹಳ್ಳಿಯಿಂದ ಅಷ್ಟು ದೊಡ್ಡ ವಿದ್ವಾಂಸರು ಬಂದಿದ್ದಾರೆಂಬ ಸಂಗತಿ ನನಗೆ ಬೆಂಗಳೂರಿನಲ್ಲಿ ತಿಳಿಯಬೇಕಾಯಿತು. ಮುಂದೆ 2000ನೆಯ ಸಾಲಿನ ಪಂಪ ಪ್ರಶಸ್ತಿ ಅವರಿಗೆ ಬಂತು. 2009ರಲ್ಲಿ ಚಿತ್ರದುರ್ಗದ ಸಾಹಿತ್ಯ ಸಮ್ಮೇಳನಕ್ಕೆ ಅಧ್ಯಕ್ಷರಾದರು. 2012ರಲ್ಲಿ ತೀರಿಕೊಂಡರು.

ಅವರು ಸಂಪಾದಿಸಿದ 'ಅಲ್ಲಮನ ವಚನಚಂದ್ರಿಕೆ'ಯನ್ನು ಗ್ರಂಥಾಲಯದಲ್ಲಿ ಮೊದಲು ಕಂಡಾಗ ನನಗೆ ನಗು ಬಂದಿತ್ತು. ಚಂದ್ರಿಕೆ ಎಂದರೆ ಬೆಳದಿಂಗಳು ಎಂದು ನಿಘಂಟು ಹೇಳುತ್ತದೆ. ನಮ್ಮ ಮನೆಯಲ್ಲಿ ಚಂದ್ರಿಕೆ ಎಂದರೆ ಹಣ್ಣಾದ ರೇಷ್ಮೆಹುಳುಗಳನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟೆ. ಎರಡೂ ಅರ್ಥ ಆ ಪುಸ್ತಕಕ್ಕೆ ಹೊಂದುತ್ತದೆಯೆಂದು ಆಮೇಲೆ ಅನ್ನಿಸಿತು. ಒಂದು ಶಬ್ದದ ಪಾಠ ನಿಶ್ಚಯವಾಗುವವರೆಗೆ ಅದರ ಮೇಲೆ ತತ್ತ್ವದ ಮಾಳಿಗೆ ಕಟ್ಟಬಾರದು ಎಂಬ ಎಚ್ಚರವನ್ನು ನಾನು ಕಲಿತದ್ದು ಅಂತಹ ಸಂಪಾದನೆಗಳಿಂದ.

ದೀಪಾವಳಿಯ ರಜೆಗೆ ಊರಿಗೆ ಬಂದೆ. ಬರುವಾಗ ಹಿಂದಿನ ವರ್ಷವಷ್ಟೇ, ಎಂದರೆ 1993ರಲ್ಲಿ, ಸರಕಾರ ಪ್ರಕಟಿಸಿದ್ದ ಸಮಗ್ರ ವಚನ ಸಂಪುಟಗಳಲ್ಲಿ ಐದನೆಯದನ್ನು, ವೀರಣ್ಣ ರಾಜೂರರು ಸಂಪಾದಿಸಿದ ಶಿವಶರಣೆಯರ ಸಂಪುಟವನ್ನು, ಚೀಲದಲ್ಲಿ ಇಟ್ಟುಕೊಂಡಿದ್ದೆ. ಮನೆಯಲ್ಲಿ ಹುಳು ನಾಲ್ಕನೆಯ ಜ್ವರದಿಂದ ಎದ್ದು ಏಳನೆಯ ದಿನ. ರೇಷ್ಮೆ ಸಾಕಿದವರಿಗೆ ಗೊತ್ತು, ಆ ದಿನಗಳಲ್ಲಿ ಮನೆಯೊಳಗೆ ಮಳೆ ಸುರಿದಂತೆ ಸೊಪ್ಪು ಮೇಯುವ ಸದ್ದು. ಆಮೇಲೆ ಒಮ್ಮೆಗೇ ಮೇವು ಬಿಟ್ಟು, ಮೈ ಪಾರದರ್ಶಕವಾಗಿ, ತಲೆಯೆತ್ತಿ ಆಡಿಸತೊಡಗುತ್ತವೆ. ಆಗ ಹಣ್ಣು ಹುಳುಗಳನ್ನು ಆರಿಸಿ ಚಂದ್ರಿಕೆಗೆ ಬಿಡಲು ಎಷ್ಟು ಕೈಗಳಿದ್ದರೂ ಸಾಲದು. ಚಿಂತಾಮಣಿಯ ಅತ್ತೆಯನ್ನೂ ಕರೆಸಿದ್ದರು.

ಅತ್ತೆಯ ವಿಷಯವಾಗಿ ಇಲ್ಲಿ ಎರಡು ಮಾತು ಹೇಳದೆ ವಿಧಿಯಿಲ್ಲ. ಅವರ ಎಡಗೈಯ ಮಣಿಕಟ್ಟು ಸ್ವಲ್ಪ ಸೊಟ್ಟಗಿತ್ತು. ಬಾವಿಕಟ್ಟೆಯ ಮೇಲೆ ಬಿದ್ದದ್ದು ಎಂದು ನಮಗೆ ಮಕ್ಕಳಿಗೆ ಹೇಳಿದ್ದರು. ಬಾವಿಕಟ್ಟೆಯಲ್ಲವೆಂಬುದು ಮನೆಯ ದೊಡ್ಡವರಿಗೆಲ್ಲ ತಿಳಿದಿತ್ತು. ಅತ್ತೆ ತವರಿಗೆ ಬಂದು ಅತ್ತಾಗಲೆಲ್ಲ ನಮ್ಮ ದೊಡ್ಡಪ್ಪ ಸಮಾಧಾನ ಹೇಳಿ ಕಳುಹಿಸುತ್ತಿದ್ದರು. ದೊಡ್ಡಪ್ಪ ಕೆಟ್ಟವರಲ್ಲ, ನಿತ್ಯ ವಚನ ಪಾರಾಯಣ ಮಾಡುತ್ತಿದ್ದ ಸಾತ್ತ್ವಿಕರು. ಅವರ ಸಮಾಧಾನದ ಮಾತುಗಳೂ ವಚನಗಳಿಂದಲೇ ಬರುತ್ತಿದ್ದವು. ಶರಣನು ಸತಿ, ಲಿಂಗವು ಪತಿ. ಸತಿಯಾದವಳ ಸಹನೆಯೇ ಭಕ್ತಿ ಎಂಬ ಧಾಟಿಯಲ್ಲಿ. ಅತ್ತೆ ಕಣ್ಣೊರೆಸಿಕೊಂಡು ಸಂಜೆಯ ಬಸ್ಸಿಗೆ ಹೊರಡುತ್ತಿದ್ದರು.

ಆ ರಾತ್ರಿ ಹನ್ನೊಂದು ಗಂಟೆಯಾದರೂ ಹುಳು ಆರಿಸುವುದು ಮುಗಿದಿರಲಿಲ್ಲ. ನಿದ್ದೆ ಬಾರದಿರಲೆಂದು ಅಮ್ಮ, "ಏನಾದರೂ ಓದೇ" ಎಂದರು. ನಾನು ಸಂಪುಟವನ್ನು ತೆರೆದು ಕಣ್ಣಿಗೆ ಬಿದ್ದದ್ದನ್ನು ಓದತೊಡಗಿದೆ. ಅಕ್ಕಮಹಾದೇವಿಯ ನೂರಾರು ವಚನಗಳ ಪಕ್ಕದಲ್ಲಿ ನಾಲ್ಕೇ ನಾಲ್ಕು ವಚನಗಳ ಕದಿರ ರೆಮ್ಮವ್ವೆ ಹಾಗೆ ಸಿಕ್ಕಿದಳು. ನೂಲುವ ಕಾಯಕದ ಹೆಣ್ಣುಮಗಳು. ತಾನು ತಿರುಗಿಸುವ ರಾಟೆಯ ಕುಲಗೋತ್ರವನ್ನು ಹೇಳುವ ವಚನವೊಂದು ಅವಳದ್ದಿದೆ. ಕೆಳಗಿನ ಹಲಗೆಗೆ ಬ್ರಹ್ಮನನ್ನೂ, ಅದರ ಮೇಲಿನ ತೋರಣಕ್ಕೆ ವಿಷ್ಣುವನ್ನೂ, ನಿಂತಿರುವ ಬೊಂಬೆಗೆ ರುದ್ರನನ್ನೂ ಸಮೀಕರಿಸುತ್ತ ಹೋಗುತ್ತಾಳೆ. ಕದಿರು ಅರಿವು, ತಿರುಗಿಸುವ ಕೈ ಭಕ್ತಿ. ನೂಲು ಸುತ್ತಿಕೊಂಡು ಕದಿರು ತುಂಬುತ್ತದೆ. ಅಲ್ಲಿಗೆ ಮುಗಿಯಬೇಕಿತ್ತು. ಆದರೆ ಆಮೇಲೆ, ಇನ್ನು ತಿರುಗಿಸಲಾರೆ, ಗಂಡ ಹೊಡೆಯುತ್ತಾನೆ, ಏನು ಮಾಡಲಿ ಎಂದು ತನ್ನ ಒಡೆಯ ಗುಮ್ಮೇಶ್ವರನನ್ನು ಕೇಳಿ ನಿಲ್ಲಿಸುತ್ತಾಳೆ.

ಓದಿ ಮುಗಿಸಿದಾಗ ಅತ್ತೆಯ ಕೈ ನಿಂತಿತ್ತು. ಬೆರಳುಗಳ ನಡುವೆ ಒಂದು ಹುಳು ತಲೆಯಾಡಿಸುತ್ತಿತ್ತು.

"ಕೊನೆಯದನ್ನು ಇನ್ನೊಂದು ಸಲ ಓದು" ಎಂದರು. ಓದಿದೆ.

ಮೂಲೆಯಲ್ಲಿ ಸೊಪ್ಪು ಕೊಚ್ಚುತ್ತಿದ್ದ ದೊಡ್ಡಪ್ಪ, "ಅದು ಲಿಂಗಪತಿ ಕಣಮ್ಮಾ. ಸಂಸಾರದ ಗಂಡನಲ್ಲ. ರಾಟೆ ಎಂದರೆ ಶರೀರ. ಎಲ್ಲ ಒಳಗಿನ ಮಾತು" ಎಂದರು.

ಅತ್ತೆ ಅವರಿಗೆ ಉತ್ತರ ಕೊಡಲಿಲ್ಲ. ನನ್ನನ್ನೇ ಕೇಳಿದರು. "ಗಂಡ ಹೊಡೆಯುತ್ತಾನೆ ಅಂದಳಲ್ಲ, ಯಾರಿಗೆ ಅಂದಳು?"

"ಗುಮ್ಮೇಶ್ವರನಿಗೆ, ಅತ್ತೆ."

"ಗುಮ್ಮೇಶ್ವರ ಅಂದರೆ?"

"ಅವಳ ಇಷ್ಟದೈವ. ಲಿಂಗ."

"ಹಾಗಾದರೆ ಗಂಡ ಬೇರೆ, ಲಿಂಗ ಬೇರೆ ಆಯಿತಲ್ಲ. ಗಂಡನ ಮೇಲಿನ ದೂರನ್ನು ಗಂಡನಿಗೇ ಯಾರಾದರೂ ಹೇಳುತ್ತಾರೇನೇ?" ಎಂದು ಹುಳುವನ್ನು ಚಂದ್ರಿಕೆಗೆ ಬಿಟ್ಟರು.

ಶಿಡ್ಲಘಟ್ಟದಲ್ಲಿ ಬಿಚ್ಚಾಣಿಕೆ ಮಾಡುವವರು ಕುದಿಯುವ ನೀರಿನಲ್ಲಿ ಗೂಡುಗಳನ್ನು ಕಲಕಿ ಕಲಕಿ ಎಳೆಯ ತುದಿ ಹುಡುಕುತ್ತಾರೆ. ತುದಿ ಸಿಕ್ಕರೆ ನೂರಾರು ಮೀಟರು ಎಳೆ ಒಂದೇ ಸಮನೆ ಬಿಚ್ಚಿಕೊಳ್ಳುತ್ತದೆ. ನಾನು ಆರು ತಿಂಗಳಿಂದ ಹುಡುಕುತ್ತಿದ್ದ ತುದಿಯನ್ನು, ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟಿದ್ದ ನನ್ನ ಅತ್ತೆ ಹಿಡಿದುಕೊಟ್ಟಿದ್ದರು.

ಮರುದಿನ ಅಟ್ಟದ ಮೇಲಿಂದ ಅಜ್ಜಿಯ ಕಾಲದ ರಾಟೆಯನ್ನು ಇಳಿಸಿದೆ. ಧೂಳು ಒರೆಸಿ, ವಚನವನ್ನು ಪಕ್ಕದಲ್ಲಿಟ್ಟುಕೊಂಡು ಒಂದೊಂದೇ ಭಾಗವನ್ನು ಹೋಲಿಸಿದೆ. ಆಗ ಹೊಳೆದದ್ದು ಇದು: ರೆಮ್ಮವ್ವೆ ಭಾಗಗಳನ್ನು ಕಂಡಕಂಡಂತೆ ಹೇಳಿಲ್ಲ. ಕೆಳಗಿನ ಹಲಗೆಯಿಂದ ಆರಂಭಿಸಿ ಮೇಲಕ್ಕೆ ಬಂದು, ಕದಿರು ಮುಟ್ಟಿ, ಕದಿರಿನಿಂದ ತಿರುಗಿಸುವ ಕೈಗೆ ಬರುತ್ತಾಳೆ. ರಾಟೆಯನ್ನು ಜೋಡಿಸುವವರ ಕ್ರಮ ಅದು. ಪ್ರತಿ ಭಾಗಕ್ಕೂ ಒಂದು ಸಮೀಕರಣವಿದೆ. ಸಂಕೇತ ಬೇಕಾದ ಕಡೆ ಅವಳು ಬಾಯಿಬಿಟ್ಟು ಹೇಳಿದ್ದಾಳೆ. ಗಂಡನಿಗೆ ಮಾತ್ರ ಯಾವ ಸಮೀಕರಣವೂ ಇಲ್ಲ. ಅವನು ರಾಟೆಯ ಭಾಗವೇ ಅಲ್ಲ, ಹೊರಗಿನಿಂದ ಬಂದವನು.

ಇಷ್ಟನ್ನು ಬರೆದುಕೊಂಡು ಬೆಂಗಳೂರಿಗೆ ಹೋದೆ. ಮಾರ್ಗದರ್ಶಕರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅದು ಒಳ್ಳೆಯ ಲಕ್ಷಣವೆಂದು ನಮಗೆಲ್ಲ ಗೊತ್ತಿತ್ತು. "ಈಗ ನೀನು ಏನನ್ನೋ ಹೇಳುತ್ತಿದ್ದೀ. ಇನ್ನು ನಾನು ಒಪ್ಪುವುದಿಲ್ಲ ಎನ್ನಬಹುದು" ಎಂದು ನಕ್ಕು, ನಿಜವಾಗಿಯೂ ಒಪ್ಪದೆ ವಾದಿಸತೊಡಗಿದರು.

ಅವರ ಮೊದಲ ಆಕ್ಷೇಪ ರೆಮ್ಮವ್ವೆಯದೇ ಇನ್ನೊಂದು ವಚನದಿಂದ ಬಂತು. ಅದರಲ್ಲಿ ಅವಳು ಎಲ್ಲರ ಗಂಡಂದಿರನ್ನೂ ತನ್ನ ಗಂಡನನ್ನೂ ಹೋಲಿಸಿ, ತನ್ನವನು ಅವರಂಥವನಲ್ಲ ಎಂದು ಸಾಲುಸಾಲಾಗಿ ಹೇಳುತ್ತಾಳೆ. ಅಲ್ಲಿಯ ಗಂಡ ಲಿಂಗಪತಿಯೆಂಬುದರಲ್ಲಿ ಸಂಶಯವಿಲ್ಲ. ಅಲ್ಲಿ ಹಾಗಿದ್ದ ಶಬ್ದ ಇಲ್ಲಿ ಬೇರೆಯಾಗುವುದು ಹೇಗೆ? ಇದಕ್ಕೆ ಉತ್ತರ ಹುಡುಕಲು ನನಗೆ ಎರಡು ವಾರ ಬೇಕಾಯಿತು. ಉತ್ತರ ಆ ವಚನದೊಳಗೇ ಇತ್ತು. ಲಿಂಗಪತಿಯನ್ನು ಹೇಳಬೇಕಾದಾಗ ರೆಮ್ಮವ್ವೆ ಅವನನ್ನು ಲೋಕದ ಗಂಡಂದಿರಿಂದ ಬೇರ್ಪಡಿಸಿ, ಗುರುತು ಹಾಕಿ ತೋರಿಸುತ್ತಾಳೆ. ರಾಟೆಯ ವಚನದಲ್ಲಿ ಅಂತಹ ಗುರುತಿಲ್ಲ. ಮತ್ತು ಹೊಡೆಯುವ ವಿಷಯದಲ್ಲಿ ಆ ಗಂಡ ಲೋಕದ ಗಂಡಂದಿರಂತೆಯೇ ಇದ್ದಾನೆ.

ಎರಡನೆಯ ಆಕ್ಷೇಪ ಕಠಿಣವಾದದ್ದು. "ಹೊಡೆದ ತಾಯಿಯ ಸೆರಗನ್ನೇ ಹಿಡಿದು ಮಗು ಅಳುವುದಿಲ್ಲವೇ? ಭಕ್ತರು ದೇವರ ಮೇಲಿನ ದೂರನ್ನು ದೇವರಿಗೇ ಹೇಳುವುದು ಹೊಸದೇನಮ್ಮ?" ಎಂದರು. ಇದಕ್ಕೆ ನನ್ನಲ್ಲಿ ಪೂರ್ತಿ ಉತ್ತರವಿರಲಿಲ್ಲ, ಇಂದಿಗೂ ಇಲ್ಲ. ಸಾಲದ್ದಕ್ಕೆ ಆ ಕೊನೆಯ ಮಾತಿನ ಅನ್ವಯವೂ ಎರಡು ರೀತಿಯಲ್ಲಿ ಆಗುತ್ತದೆ. ಗಂಡ ಹೊಡೆಯುವುದರಿಂದ ತಿರುಗಿಸಲಾರೆ ಎಂದೂ ಆಗಬಹುದು. ಕದಿರು ತುಂಬಿತು, ಇನ್ನು ತಿರುಗಿಸಲಾರೆ, ನಿಲ್ಲಿಸಿದರೆ ಗಂಡ ಹೊಡೆಯುತ್ತಾನೆ ಎಂದೂ ಆಗಬಹುದು. ಮೊದಲನೆಯದರಲ್ಲಿ ಪೆಟ್ಟು ಕೆಲಸಕ್ಕೆ ಅಡ್ಡಿ, ಎರಡನೆಯದರಲ್ಲಿ ಕೆಲಸ ನಿಂತದ್ದಕ್ಕೆ ಶಿಕ್ಷೆ. ಮುಚ್ಚಿಡಬೇಕೆಂಬ ಆಸೆ ನನಗೆ ಬಂದಿತ್ತು. ಮುಚ್ಚಿಟ್ಟಿದ್ದರೆ ಪ್ರಬಂಧ ನಯವಾಗಿ ಕಾಣುತ್ತಿತ್ತು. ಆದರೆ ಎದುರಿನವರ ಬಲವಾದ ಮಾತನ್ನು ಬಿಟ್ಟು ಬರೆದ ಪ್ರಬಂಧವು ಒಬ್ಬನೇ ಆಡುವ ಪಗಡೆ. ಎರಡು ಆಕ್ಷೇಪಗಳನ್ನೂ, ಎರಡು ಅನ್ವಯಗಳನ್ನೂ ಪ್ರಬಂಧದಲ್ಲಿ ಸೇರಿಸಿದೆ.

ಕೊನೆಗೆ ನನ್ನ ಪ್ರತಿಪಾದನೆ ಹೀಗೆ ನಿಂತಿತು: ರಾಟೆಯ ವಚನದ ಗಂಡನನ್ನು ಲಿಂಗಪತಿಯೆಂದು ಮಾತ್ರ ಓದಲು ವಚನವೇ ಅವಕಾಶ ಕೊಡುವುದಿಲ್ಲ, ಎಲ್ಲವೂ ಸಂಕೇತವಾಗುತ್ತ ಬಂದ ವಚನದಲ್ಲಿ ಸಂಕೇತವಾಗದೆ ಉಳಿದದ್ದು ಅವನ ಪೆಟ್ಟೊಂದೇ. ಮೊದಲು ಬರೆದುಕೊಂಡಿದ್ದಕ್ಕಿಂತ ಇದು ಸಣ್ಣ ಮಾತು. 'ಮಾತ್ರ' ಎಂಬ ಶಬ್ದವನ್ನು ಸೇರಿಸಿಕೊಂಡದ್ದಕ್ಕೆ ಆಗ ನನಗೆ ಬೇಸರವಿತ್ತು, ಸೋತೆನೆನ್ನಿಸಿತ್ತು. ಆ ಒಂದು ಶಬ್ದದಿಂದಲೇ ಪ್ರಬಂಧ ಉಳಿಯಿತೆಂದು ಈಗ ತಿಳಿಯುತ್ತೇನೆ. ಆದರೂ ಮನಸ್ಸಿನೊಳಗೆ ನಾನು ಅತ್ತೆಯ ಕಡೆಯವಳೇ.

ಪ್ರಬಂಧ ಮೂವತ್ತು ಪುಟವಾಗಲಿಲ್ಲ, ಇಪ್ಪತ್ತೆರಡಕ್ಕೇ ಮುಗಿಯಿತು. ಹನ್ನೆರಡನೆಯ ಶತಮಾನದ ಒಬ್ಬ ನೂಲುಗಾರ್ತಿಯ ಒಂದು ವಚನಕ್ಕೆ ಇಪ್ಪತ್ತೆರಡು ಪುಟ! 'ವಚನ ಸಾಹಿತ್ಯದಲ್ಲಿ ಮಹಿಳೆ' ಎಂದು ಹೊರಟಿದ್ದಾಗ ಐದು ಪುಟ ತುಂಬಿಸಲು ಒದ್ದಾಡಿದ್ದೆ.

1995ರ ಬೇಸಿಗೆಯಲ್ಲಿ ಬೆರಳಚ್ಚಿನ ಪ್ರತಿಯೊಂದನ್ನು ಮನೆಗೆ ತಂದೆ. ದೊಡ್ಡಪ್ಪ ಅದನ್ನು ಎರಡು ದಿನ ಓದಿದರು. ಕೋಪ ಮಾಡಿಕೊಳ್ಳುತ್ತಾರೆಂದು ಅಪ್ಪ ಹೆದರಿದ್ದರು. ಅವರು ಏನೂ ಹೇಳಲಿಲ್ಲ. ಹನ್ನೊಂದನೆಯ ಪುಟದಲ್ಲಿ ಅಂಕಿತದ ಕಾಗುಣಿತ ತಪ್ಪಾಗಿದ್ದದ್ದನ್ನು ಪೆನ್ಸಿಲಿನಲ್ಲಿ ತಿದ್ದಿ ಹಿಂದಿರುಗಿಸಿದರು. ಆ ವರ್ಷ ಶ್ರಾವಣಕ್ಕೆ ಮುಂಚೆ ಒಂದು ದಿನ ಯಾರಿಗೂ ಹೇಳದೆ ಚಿಂತಾಮಣಿಯ ಬಸ್ಸು ಹತ್ತಿ, ಸಂಜೆ ಅತ್ತೆಯನ್ನೂ ಅವರ ಟ್ರಂಕನ್ನೂ ಕರೆದುಕೊಂಡು ಬಂದರು. ಪ್ರಬಂಧವೇ ಅದಕ್ಕೆ ಕಾರಣವೆಂದು ಹೇಳುವ ಧೈರ್ಯ ನನಗಿಲ್ಲ. ಆ ತಿಂಗಳುಗಳಲ್ಲಿ ಆ ಮನೆಯಲ್ಲಿ ಬೇರೆಯೂ ಏನೇನೋ ನಡೆದಿತ್ತು. ಅತ್ತೆ ಆಮೇಲೆ ಚಿಂತಾಮಣಿಗೆ ಹಿಂದಿರುಗಲಿಲ್ಲ.

ಪ್ರಬಂಧವನ್ನು ಅತ್ತೆಗೆ ನಾನೇ ಓದಿ ಹೇಳಿದೆ. ಮೂರು ಸಂಜೆ ಹಿಡಿಯಿತು. ಆಕ್ಷೇಪಗಳ ಭಾಗ ಬಂದಾಗ, "ತಾಯಿ ಹೊಡೆದದ್ದೂ ಗಂಡ ಹೊಡೆದದ್ದೂ ಒಂದೇನು? ನಿಮ್ಮ ಮೇಷ್ಟ್ರಿಗೆ ಹೇಳು" ಎಂದರು. ಮುಗಿದ ಮೇಲೆ, "ನನ್ನ ಹೆಸರು ಹಾಕಿದ್ದೀಯಾ?" ಎಂದು ಕೇಳಿದರು. ಇಲ್ಲ ಎಂದೆ. "ಒಳ್ಳೆಯದು ಮಾಡಿದೆ" ಎಂದು ಎದ್ದು ಸೊಪ್ಪು ಹಾಕಲು ಹೋದರು. ಬಾಗಿಲವರೆಗೆ ಹೋದವರು ನಿಂತು, ಆ ರೆಮ್ಮವ್ವೆಯ ಊರು ಯಾವುದೆಂದು ಕೇಳಿದರು.